ಒಂದೇ ಮೆಸೇಜ್, ಎರಡು ರಾತ್ರಿ: ಸ್ವಭಾವಕ್ಕೂ ಆರೋಗ್ಯಕ್ಕೂ ಇರುವ ನಂಟು

ರಾತ್ರಿ ಒಂಬತ್ತೂಮುಕ್ಕಾಲು. ಒಂದೇ ಆಫೀಸಿನ ಇಬ್ಬರ ಫೋನಿಗೆ ಮ್ಯಾನೇಜರಿಂದ ಒಂದೇ ಮೆಸೇಜ್ ಬರುತ್ತದೆ. ‘ನಾಳೆ ಬಂದ ಕೂಡಲೇ ನನ್ನನ್ನು ನೋಡಿ.’ ಅಷ್ಟೇ. ಹಿಂದಿಲ್ಲ, ಮುಂದಿಲ್ಲ.

ಮೊದಲನೆಯವರು ಓದಿ, ‘ಸರಿ ಸರ್’ ಎಂದು ಬರೆದು, ಫೋನ್ ಚಾರ್ಜಿಗೆ ಹಾಕಿ ಮಲಗುತ್ತಾರೆ. ಎರಡನೆಯವರೂ ‘ಸರಿ ಸರ್’ ಎಂದೇ ಬರೆಯುತ್ತಾರೆ. ಆದರೆ ಫೋನ್ ಕೆಳಗಿಡುವುದಿಲ್ಲ. ಕಳೆದ ವಾರ ಕಳಿಸಿದ ರಿಪೋರ್ಟ್ ಮತ್ತೆ ತೆಗೆದು ನೋಡುತ್ತಾರೆ. ಎಲ್ಲಾದರೂ ತಪ್ಪಾಯಿತಾ? ಮೊನ್ನೆ ಮೀಟಿಂಗಿನಲ್ಲಿ ಸರ್ ಮುಖ ಒಂಥರಾ ಇತ್ತಲ್ವಾ? ಹನ್ನೊಂದೂವರೆ ಹೊತ್ತಿಗೆ ಯೋಚನೆ, ಕೆಲಸ ಹೋದರೆ ಮನೆ ಸಾಲದ ಕಂತು ಕಟ್ಟುವುದು ಹೇಗೆ ಎಂಬಲ್ಲಿಗೆ ಬಂದು ನಿಂತಿರುತ್ತದೆ. ಎರಡು ಗಂಟೆಗೆ ಎದ್ದು ನೀರು ಕುಡಿಯುತ್ತಾರೆ. ನಾಲ್ಕಕ್ಕೆ ಜೊಂಪು ಹತ್ತುತ್ತದೆ, ಆರಕ್ಕೆ ಅಲಾರಂ ಹೊಡೆಯುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ವಿಷಯ ಇಷ್ಟೇ: ಇಬ್ಬರೂ ಕೇಳಿದ್ದ ರಜೆಯ ದಿನಗಳು ಒಂದೇ ಆಗಿದ್ದವು, ಒಬ್ಬರು ಬದಲಿಸಿಕೊಳ್ಳಬೇಕಿತ್ತು.

ನಾನು ಆ ಎರಡನೆಯವರ ಸಾಲಿನವಳು. ಇಂಥ ರಾತ್ರಿಗಳು ನನಗೆ ಚೆನ್ನಾಗಿ ಗೊತ್ತು. ‘ಎಲ್ಲಾ ಮನಸ್ಸಿಗೆ ಹಚ್ಕೋತೀಯ, ಅದಕ್ಕೇ ನಿನಗೆ ಬಿಪಿ’ ಎಂದು ಹೇಳುವವರೂ ಗೊತ್ತು. ಹಾಗೆ ಹೇಳುವಾಗ ಅವರು ಸ್ವಭಾವದಿಂದ ಕಾಯಿಲೆಗೆ ಒಂದು ನೇರ ಗೆರೆ ಎಳೆಯುತ್ತಾರೆ. ಸುಮಾರು 70 ವರ್ಷದ ಸಂಶೋಧನೆ ನೋಡಿದರೆ ಅಂಥ ನೇರ ಗೆರೆ ಸಿಗುವುದಿಲ್ಲ. ಸ್ವಭಾವ ನಾಲ್ಕಾರು ಒಳದಾರಿ ಹಿಡಿದು ಮೈಯನ್ನು ತಲುಪುತ್ತದೆ. ಆ ದಾರಿಗಳು ಯಾವುವು ಎಂದು ತಿಳಿದರೆ ಒಂದೆರಡು ಕಡೆ ನಾವು ಅಡ್ಡ ನಿಲ್ಲಬಹುದು.

ಆ ರಾತ್ರಿ ಮೈಯೊಳಗೆ

ಎರಡನೆಯವರ ಮೈಯಲ್ಲಿ ಆ ರಾತ್ರಿ ನಡೆದದ್ದು ಬರೀ ಯೋಚನೆಯಲ್ಲ. ಅಪಾಯ ಇದೆ ಎಂದು ಮಿದುಳು ತೀರ್ಮಾನಿಸಿದ ಕೂಡಲೇ ನರಗಳ ಮೂಲಕ ಸುದ್ದಿ ಓಡುತ್ತದೆ. ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಹೊಡೆದಾಡು ಇಲ್ಲವೇ ಓಡು ಎನ್ನುವ ಈ ಸಿದ್ಧತೆಯನ್ನು 20ನೇ ಶತಮಾನದ ಮೊದಲಲ್ಲೇ ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ ವಿವರಿಸಿದ್ದರು. ಇದರ ಹಿಂದೆಯೇ, ಸ್ವಲ್ಪ ನಿಧಾನವಾಗಿ, ಕಾರ್ಟಿಸಾಲ್ ಎಂಬ ಹಾರ್ಮೋನು ಬರುತ್ತದೆ. ರಕ್ತದಲ್ಲಿ ಸಕ್ಕರೆ ಏರಿಸಿ, ದೇಹಕ್ಕೆ ಇಂಧನ ಒದಗಿಸುವುದು ಅದರ ಕೆಲಸ.

ಕಾರ್ಟಿಸಾಲ್‌ಗೆ ಒಂದು ದಿನಚರಿ ಇದೆ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಅದು ತುದಿಗೇರುತ್ತದೆ, ನಡುರಾತ್ರಿಯ ಹೊತ್ತಿಗೆ ತಳ ಮುಟ್ಟುತ್ತದೆ. ಮಲಗಿ ದುರಸ್ತಿ ಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ಮೈಯನ್ನು ಎಚ್ಚರವಾಗಿಟ್ಟರೆ ಈ ಲಯ ಕೆಡುತ್ತದೆ. ಒಂದು ರಾತ್ರಿಯಿಂದ ಏನೂ ಆಗುವುದಿಲ್ಲ. ಒಂದು ಹುಲಿಯಿಂದ ತಪ್ಪಿಸಿಕೊಳ್ಳಲು ಈ ವ್ಯವಸ್ಥೆ ಬಹಳ ಚೆನ್ನಾಗಿದೆ. ತೊಂದರೆ ಇರುವುದು ಹುಲಿ ದಿನಾ ಬಂದಾಗ. ಅದರಲ್ಲೂ, ಬರದೇ ಇದ್ದಾಗಲೂ ಬಂತೆಂದು ಮೈ ನಂಬಿದಾಗ. ವರ್ಷಗಟ್ಟಲೆ ಹೀಗೆ ನಡೆದರೆ ರಕ್ತನಾಳ, ನಿದ್ದೆ, ರೋಗ ತಡೆಯುವ ಶಕ್ತಿ ಎಲ್ಲವೂ ಸ್ವಲ್ಪ ಸ್ವಲ್ಪವೇ ಸವೆಯುತ್ತವೆ. 1936ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳಲ್ಲಿ ಕಂಡಿದ್ದೂ ಇದನ್ನೇ. ಚಳಿಯಲ್ಲಿಡಲಿ, ವಿಪರೀತ ಓಡಿಸಲಿ, ವಿಷದ ವಸ್ತು ಕೊಡಲಿ, ಕಷ್ಟ ಯಾವುದೇ ಇರಲಿ, ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು.

ಆದರೆ ಮನುಷ್ಯರ ವಿಷಯದಲ್ಲಿ ಸೆಲ್ಯೆಯ ಲೆಕ್ಕಕ್ಕೆ ಒಂದು ತುಂಡು ಕಡಿಮೆ ಬೀಳುತ್ತಿತ್ತು. ಚಳಿ ಎಲ್ಲ ಇಲಿಗೂ ಚಳಿಯೇ. ‘ನಾಳೆ ನನ್ನನ್ನು ನೋಡಿ’ ಎನ್ನುವ ಮಾತು ಎಲ್ಲರಿಗೂ ಒಂದೇ ಅಲ್ಲ.

ಆ ತುಂಡನ್ನು ಸೇರಿಸಿದವರು ಮನೋವಿಜ್ಞಾನಿ ರಿಚರ್ಡ್ ಲಾಜರಸ್. 1960ರ ದಶಕದಲ್ಲಿ ಅವರೂ ಅವರ ಜೊತೆಗಾರರೂ ಒಂದು ಪ್ರಯೋಗ ಮಾಡಿದರು. ನೋಡುವವರ ಹೊಟ್ಟೆ ಕಿವುಚುವಂಥ, ಎಳೆಯ ಹುಡುಗರ ಮೈ ಕೊಯ್ಯುವ ಆಚರಣೆಯೊಂದರ ಫಿಲ್ಮ್ ತೋರಿಸಿದರು. ಚಿತ್ರ ಎಲ್ಲರಿಗೂ ಒಂದೇ. ಹಿನ್ನೆಲೆಯ ಮಾತು ಮಾತ್ರ ಬೇರೆ ಬೇರೆ. ಒಂದು ಗುಂಪಿಗೆ ನೋವನ್ನು ಒತ್ತಿ ಹೇಳುವ ಮಾತು, ಇನ್ನೊಂದಕ್ಕೆ ಇದೇನೂ ಅಂಥ ನೋವಿನದಲ್ಲ ಎನ್ನುವ ಮಾತು, ಮತ್ತೊಂದಕ್ಕೆ ದೂರ ನಿಂತು ಅಧ್ಯಯನ ಮಾಡುವವರ ಧಾಟಿಯ ವಿವರಣೆ, ಕೊನೆಯದಕ್ಕೆ ಮಾತೇ ಇಲ್ಲ. ನೋಡುತ್ತಿದ್ದವರ ಎದೆಬಡಿತ ಮತ್ತು ಚರ್ಮದ ಬೆವರನ್ನು ಅಳೆದರು. ಕಣ್ಣು ಕಂಡದ್ದು ಒಂದೇ ಆದರೂ, ನೋವನ್ನು ಒತ್ತಿ ಹೇಳಿದ ಗುಂಪಿನ ಮೈ ಹೆಚ್ಚು ಕೆರಳಿತ್ತು, ಮೆತ್ತಗೆ ವಿವರಿಸಿದ ಗುಂಪುಗಳದ್ದು ಕಡಿಮೆ.

ಇದರ ಮೇಲೆ ಲಾಜರಸ್ ಕಟ್ಟಿದ ವಿಚಾರ ಇವತ್ತಿಗೂ ನಿಂತಿದೆ. ಏನಾದರೂ ಎದುರಾದಾಗ ಮನಸ್ಸು ಎರಡು ಪ್ರಶ್ನೆ ಕೇಳಿಕೊಳ್ಳುತ್ತದೆ. ‘ಇದರಿಂದ ನನಗೆ ಅಪಾಯ ಇದೆಯಾ?’ ಮತ್ತು ‘ಇದನ್ನು ನಿಭಾಯಿಸಲು ನನ್ನ ಕೈಲಾಗುತ್ತಾ?’ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಉತ್ತರ ಬಂದರೆ ಅದೇ ಒತ್ತಡ. ನಮ್ಮ ತಲೆಯಲ್ಲಿ ಓಡುವ ಹಿನ್ನೆಲೆ ಮಾತನ್ನು ಬಹುಮಟ್ಟಿಗೆ ಬರೆಯುವುದು ನಮ್ಮ ಸ್ವಭಾವ.

ಸ್ವಭಾವ ಅಂದರೆ ಯಾವುದು?

1936ರಲ್ಲೇ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಎಂಬ ಇಬ್ಬರು ಒಂದು ದೊಡ್ಡ ನಿಘಂಟು ಹಿಡಿದು ಕೂತು, ಮನುಷ್ಯರನ್ನು ಬಣ್ಣಿಸುವ ಇಂಗ್ಲಿಷ್ ಪದಗಳನ್ನೆಲ್ಲ ಆರಿಸಿದರು. ಸುಮಾರು 18,000 ಸಿಕ್ಕವು. ಮುಂದಿನ ದಶಕಗಳಲ್ಲಿ ಅದನ್ನು ಸೋಸಿ, ಒಟ್ಟೊಟ್ಟಿಗೆ ಬರುವ ಗುಣಗಳನ್ನು ಸೇರಿಸುತ್ತಾ ಹೋದಾಗ ಐದು ದೊಡ್ಡ ಗುಂಪುಗಳು ಉಳಿದವು. ಕಳವಳ ಪಡುವ ಗುಣ, ಅಚ್ಚುಕಟ್ಟುತನ, ಜನರೊಂದಿಗೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಹೊಸತನ್ನು ಒಪ್ಪುವ ಮನಸ್ಸು.

ಇವು ಡಬ್ಬಿಗಳಲ್ಲ. ‘ಅವರು ಕಳವಳದವರು, ಇವರು ಅಲ್ಲ’ ಎಂದು ವಿಂಗಡಿಸಲು ಬರುವುದಿಲ್ಲ. ಎತ್ತರ ಇದ್ದ ಹಾಗೆ. ಎಲ್ಲರಿಗೂ ಇದೆ, ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ, ಹೆಚ್ಚಿನವರು ನಡುವೆ. ಅವಳಿಗಳನ್ನು ಹೋಲಿಸಿ ನೋಡಿದ ಅಧ್ಯಯನಗಳ ಪ್ರಕಾರ, ಜನರ ನಡುವಿನ ಈ ವ್ಯತ್ಯಾಸದಲ್ಲಿ ಸುಮಾರು ಶೇ 40ರಿಂದ 50ರಷ್ಟು ಹುಟ್ಟಿನಿಂದ ಬಂದದ್ದು. ಉಳಿದದ್ದು ಬದುಕು ಕೊಟ್ಟದ್ದು. ಹಾಗಾಗಿ ಯಾರಾದರೂ ನಿಮಗೆ ‘ಸುಮ್ನೆ ಯೋಚನೆ ಮಾಡೋದು ಬಿಡು’ ಎಂದರೆ, ಗಿಡ್ಡ ಇರುವವರಿಗೆ ‘ಸುಮ್ನೆ ಉದ್ದ ಆಗು’ ಎಂದಷ್ಟೇ ಉಪಯೋಗ. ಇದನ್ನು ಹೇಳುವುದು ನನಗೆ ಮುಖ್ಯ, ಏಕೆಂದರೆ ಕಳವಳದ ಜನ ಕಳವಳದ ಜೊತೆಗೆ ನಾಚಿಕೆಯನ್ನೂ ಹೊತ್ತು ತಿರುಗುತ್ತಾರೆ.

ಕಳವಳದ ಒಳದಾರಿಗಳು

ಕಳವಳದ ಗುಣವನ್ನೇ ಹತ್ತಿರದಿಂದ ನೋಡೋಣ. ಒತ್ತಡದ ವಿಷಯದಲ್ಲಿ ಇದರಷ್ಟು ದೂರ ಕೈಚಾಚುವ ಗುಣ ಇನ್ನೊಂದಿಲ್ಲ.

1990ರ ದಶಕದಲ್ಲಿ ನೈಲ್ ಬೋಲ್ಗರ್ ಮತ್ತು ಜೊತೆಗಾರರು ಜನರಿಗೆ ದಿನಚರಿ ಬರೆಯಲು ಹೇಳಿದರು. ಇವತ್ತು ಏನೇನು ಕಿರಿಕಿರಿ ಆಯಿತು, ಯಾರ ಜೊತೆ ಮಾತಿಗೆ ಮಾತು ಬೆಳೆಯಿತು, ಆಮೇಲೆ ಮನಸ್ಸು ಹೇಗಿತ್ತು. ಒಂದು ಅಧ್ಯಯನದಲ್ಲಿ 339 ಜನ ಆರು ವಾರ ಹೀಗೆ ಬರೆದರು. ಕಳವಳದ ಗುಣ ಜಾಸ್ತಿ ಇದ್ದವರ ಪುಟಗಳಲ್ಲಿ ಎರಡು ವಿಷಯ ಕಂಡವು. ಒಂದು, ಅವರಿಗೆ ಕಿರಿಕಿರಿಯ ಘಟನೆಗಳೇ ಹೆಚ್ಚು ಎದುರಾಗುತ್ತಿದ್ದವು, ಅದರಲ್ಲೂ ಜಗಳ. ಎರಡು, ಅಷ್ಟೇ ದೊಡ್ಡ ಘಟನೆ ಆದಾಗಲೂ ಅವರ ಮನಸ್ಸು ಹೆಚ್ಚು ಕುಸಿಯುತ್ತಿತ್ತು. ಇವೆರಡರಲ್ಲಿ ಭಾರ ಜಾಸ್ತಿ ಎರಡನೆಯದಕ್ಕೆ.

ಮೊದಲನೆಯದು ವಿಚಿತ್ರ ಅನ್ನಿಸಬಹುದು. ಸ್ವಭಾವದಿಂದ ಘಟನೆಗಳು ಹೇಗೆ ಹೆಚ್ಚಾಗುತ್ತವೆ? ಆ ರಾತ್ರಿಯನ್ನೇ ಇನ್ನೊಮ್ಮೆ ನೆನಪಿಸಿಕೊಳ್ಳಿ. ಎರಡು ಗಂಟೆ ನಿದ್ದೆ ಮಾಡಿ ಎದ್ದವರು ಬೆಳಿಗ್ಗೆ ಮಗುವಿನ ಶೂ ಸಿಗದಿದ್ದಕ್ಕೆ ರೇಗುತ್ತಾರೆ. ಮಗು ಅಳುತ್ತದೆ. ‘ಅದರ ಮೇಲೆ ಯಾಕೆ ರೇಗ್ತೀರಿ?’ ಎಂದು ಗಂಡನೋ ಹೆಂಡತಿಯೋ ಕೇಳುತ್ತಾರೆ. ಅಲ್ಲಿಗೆ ಹೊಸದೊಂದು ಜಗಳ. ಇದು ಹೊರಗಿನಿಂದ ಬಂದ ಒತ್ತಡವಲ್ಲ, ಹಿಂದಿನ ರಾತ್ರಿಯ ಮರಿ.

ಇನ್ನೊಂದು ಒಳದಾರಿ ನಿಭಾಯಿಸುವ ರೀತಿ. ಕಷ್ಟ ಬಂದಾಗ ಯಾರು ಏನು ಮಾಡುತ್ತಾರೆ ಎಂದು ನೋಡಿದ 165 ಗುಂಪುಗಳ ಮಾಹಿತಿಯನ್ನು 2007ರಲ್ಲಿ ಒಟ್ಟು ಸೇರಿಸಿ ಲೆಕ್ಕ ಹಾಕಲಾಯಿತು. ಸುಮಾರು 33,000 ಜನ. ಬೆರೆಯುವ ಗುಣದವರು ಮತ್ತು ಅಚ್ಚುಕಟ್ಟಿನವರು ಸಮಸ್ಯೆಗೇ ಕೈ ಹಾಕುವುದು ಹೆಚ್ಚು, ಇಲ್ಲವೇ ಅದನ್ನು ಬೇರೆ ಕೋನದಿಂದ ನೋಡುತ್ತಾರೆ. ಕಳವಳದವರು ‘ಹೀಗಾಗದಿದ್ದರೆ ಎಷ್ಟು ಚೆನ್ನಾಗಿತ್ತು’ ಎಂದು ಹಂಬಲಿಸುವುದು, ದೂರ ಸರಿಯುವುದು ಹೆಚ್ಚು. ದೂರ ಸರಿಯುವುದು ಅನ್ನುವುದು ದೊಡ್ಡ ಮಾತಾಯಿತು. ದಿನನಿತ್ಯದಲ್ಲಿ ಅದು ಹೀಗಿರುತ್ತದೆ: ಬ್ಯಾಂಕಿನಿಂದ ಬಂದ ಲಕೋಟೆ ಒಡೆಯದೆ ಡ್ರಾಯರಿಗೆ ಹಾಕುವುದು. ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೂ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಿನ ತಿಂಗಳಿಗೆ ಹಾಕುವುದು. ಆ ಹೊತ್ತಿಗೆ ಹಗುರ ಅನ್ನಿಸುತ್ತದೆ. ಆದರೆ ಲಕೋಟೆ ಡ್ರಾಯರಿನಲ್ಲೇ ಇರುತ್ತದೆ. ಬಡ್ಡಿಯೂ ಬೆಳೆಯುತ್ತಿರುತ್ತದೆ.

ಇಲ್ಲಿ ಕಳವಳದವರಿಗೆ ಸಮಾಧಾನ ಕೊಡುವ ಎರಡು ಸಂಗತಿ ಇವೆ. ಮೊದಲನೆಯದು: ಕಳವಳದ ಗುಣ ಇರುವವರು ತಲೆನೋವು, ಎದೆಯಲ್ಲಿ ಏನೋ ಒಂಥರಾ, ಹೊಟ್ಟೆ ಸರಿಯಿಲ್ಲ ಎಂದು ಹೇಳುವುದು ಜಾಸ್ತಿ. ಆದರೆ ಪರೀಕ್ಷೆ ಮಾಡಿಸಿದಾಗ ಸಿಗುವ ಕಾಯಿಲೆ ಅದೇ ಲೆಕ್ಕದಲ್ಲಿ ಜಾಸ್ತಿ ಇರುವುದಿಲ್ಲ. ಇದನ್ನು 1980ರ ದಶಕದಲ್ಲೇ ಹಲವರು ತೋರಿಸಿದರು. ನೋವು ಸುಳ್ಳು ಎಂದಲ್ಲ. ಮೈಯ ಸಣ್ಣ ಸದ್ದೂ ಅವರ ಕಿವಿಗೆ ದೊಡ್ಡದಾಗಿ ಕೇಳುತ್ತದೆ, ಅಷ್ಟೇ. ಎರಡನೆಯದು: 2017ರಲ್ಲಿ ಬ್ರಿಟನ್ನಿನ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದ ಅಧ್ಯಯನವೊಂದರಲ್ಲಿ, ತಮ್ಮ ಆರೋಗ್ಯ ಅಷ್ಟಕ್ಕಷ್ಟೇ ಎಂದು ಹೇಳಿಕೊಂಡವರ ನಡುವೆ, ಕಳವಳ ಜಾಸ್ತಿ ಇದ್ದವರಲ್ಲಿ ಸಾವಿನ ಪ್ರಮಾಣ ತುಸು ಕಡಿಮೆಯೇ ಇತ್ತು. ಚಿಂತೆ ಕೆಲವರನ್ನು ಡಾಕ್ಟರ ಬಾಗಿಲಿಗೆ ಬೇಗ ಕರೆದೊಯ್ಯುತ್ತಿರಬಹುದು ಎಂಬುದು ಒಂದು ಊಹೆ. ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಎನ್ನುವ ಮಾತು ಕೇಳುತ್ತಾ ಬೆಳೆದವಳಿಗೆ, ಇದನ್ನು ಓದಿದ ದಿನ ಉಸಿರು ಸ್ವಲ್ಪ ಸಲೀಸಾಗಿತ್ತು.

ಅದೇ ಚಿಂತೆ ಡಾಕ್ಟರ ಕಡೆಗೂ ಓಡಿಸಬಲ್ಲದು, ಡಾಕ್ಟರಿಂದ ದೂರವೂ ಓಡಿಸಬಲ್ಲದು. ಯಾವ ಕಡೆ ಎನ್ನುವುದರಲ್ಲಿ ಅವರೊಳಗಿನ ಅಚ್ಚುಕಟ್ಟುತನದ ಪಾಲೂ ಇದೆ. ಆ ಗುಣಕ್ಕೆ ಆಮೇಲೆ ಬರುತ್ತೇನೆ.

ಕುರ್ಚಿಯ ಅಂಚು ಸವೆಸಿದವರು

ಸ್ವಭಾವ ಮತ್ತು ಹೃದಯದ ಕತೆ ಶುರುವಾಗುವುದು ಕುರ್ಚಿಗಳಿಂದ. 1950ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಯರ್ ಫ್ರೀಡ್‌ಮನ್ ಮತ್ತು ರೇ ರೋಸೆನ್‌ಮನ್ ಎಂಬ ಇಬ್ಬರು ಹೃದಯದ ಡಾಕ್ಟರುಗಳಿದ್ದರು. ಅವರ ಕ್ಲಿನಿಕ್ಕಿನ ಕುರ್ಚಿಗಳಿಗೆ ಹೊಸ ಬಟ್ಟೆ ಹಾಕಲು ಬಂದವನು, ಇವು ಮುಂದಿನ ಅಂಚಿನಲ್ಲಿ ಮಾತ್ರ ಸವೆದಿವೆಯಲ್ಲ ಎಂದನಂತೆ. ಕಾಯುತ್ತಿದ್ದ ರೋಗಿಗಳು ಒರಗಿ ಕೂರದೆ, ಯಾವಾಗ ಏಳಲಿ ಎಂದು ತುದಿಯಲ್ಲೇ ಕೂರುತ್ತಿದ್ದರು. ಡಾಕ್ಟರುಗಳಿಗೆ ಇದರ ಅರ್ಥ ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಸದಾ ಅವಸರ, ಎಲ್ಲದರಲ್ಲೂ ಪೈಪೋಟಿ, ಬೇಗ ಸಿಟ್ಟು. ಈ ಮೂರೂ ಸೇರಿದ ಸ್ವಭಾವಕ್ಕೆ ಅವರು ‘ಟೈಪ್ ಎ’ ಎಂದು ಹೆಸರಿಟ್ಟರು. ನಂತರ ಕ್ಯಾಲಿಫೋರ್ನಿಯಾದ 39ರಿಂದ 59 ವಯಸ್ಸಿನ 3,154 ಗಂಡಸರನ್ನು ಎಂಟೂವರೆ ವರ್ಷ ಗಮನಿಸಿದರು. ಟೈಪ್ ಎ ಜನರಲ್ಲಿ ಹೃದಯದ ಕಾಯಿಲೆ ಸುಮಾರು ಎರಡು ಪಟ್ಟು ಕಂಡಿತು. ಸುದ್ದಿ ಜಗತ್ತೆಲ್ಲ ಹರಡಿತು. ‘ಟೈಪ್ ಎ’ ಎನ್ನುವುದು ಮನೆಮಾತಾಯಿತು.

ಆಮೇಲೆ ಗಂಟು ಬಿಚ್ಚತೊಡಗಿತು. 1985ರಲ್ಲಿ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಈ ನಂಟು ಕಾಣಲಿಲ್ಲ. 1988ರಲ್ಲಿ ಅದೇ ಕ್ಯಾಲಿಫೋರ್ನಿಯಾದ ಗುಂಪಿನೊಳಗೆ ಹೃದಯದ ಕಾಯಿಲೆ ಬಂದ 257 ಜನರನ್ನು ಮತ್ತೆ ನೋಡಿದರು. ಆಮೇಲೆ ಸತ್ತವರ ಪ್ರಮಾಣ ಟೈಪ್ ಎ ಜನರಲ್ಲೇ ಕಡಿಮೆ ಇತ್ತು. ಸಿಗರೇಟ್ ಕಂಪನಿಗಳು ಈ ಬಗೆಯ ಸಂಶೋಧನೆಗೆ ವರ್ಷಗಟ್ಟಲೆ ದುಡ್ಡು ಕೊಟ್ಟಿದ್ದವು ಎಂಬುದು ಅವುಗಳದ್ದೇ ಕಾಗದಪತ್ರಗಳಿಂದ ತಿಳಿದು, 2012ರಲ್ಲಿ ಪ್ರಕಟವಾಯಿತು. ಹೃದಯ ಕೆಡುವುದು ಸ್ವಭಾವದಿಂದ ಎಂದಾದರೆ ಹೊಗೆಯ ಮೇಲಿನ ಆರೋಪ ಹಗುರಾಗುತ್ತದಲ್ಲ. ಸ್ವಭಾವದ ಬಗ್ಗೆ ಏನೇ ಓದುವಾಗಲೂ ನಾನು ಇದನ್ನು ನೆನಪಿಟ್ಟುಕೊಳ್ಳುತ್ತೇನೆ.

ಹಾಗಾದರೆ ಇಡೀ ಕತೆ ಸುಳ್ಳಾ? ಇಲ್ಲ. ಟೈಪ್ ಎ ಎನ್ನುವ ಗಂಟನ್ನು ಬಿಡಿಸಿ ನೋಡಿದಾಗ, ಅವಸರ ಮತ್ತು ದುಡಿಮೆ ಅಷ್ಟೇನೂ ಕೆಟ್ಟದ್ದಲ್ಲ ಎಂದು ಕಂಡಿತು. ಹಾನಿ ಇದ್ದದ್ದು ಹಗೆಯಲ್ಲಿ. ಎಲ್ಲರೂ ನನಗೆ ಮೋಸ ಮಾಡಲೆಂದೇ ಕಾದಿದ್ದಾರೆ ಎಂಬ ಕಹಿ ಅನುಮಾನ, ಮೂಗಿನ ತುದಿಯಲ್ಲೇ ಇರುವ ಕೋಪ. 255 ಮೆಡಿಕಲ್ ವಿದ್ಯಾರ್ಥಿಗಳು ಓದುವಾಗ ತುಂಬಿದ್ದ ಪ್ರಶ್ನಾವಳಿಗಳನ್ನು ಇಟ್ಟುಕೊಂಡು, 25 ವರ್ಷದ ಮೇಲೆ ಅವರು ಹೇಗಿದ್ದಾರೆ ಎಂದು ನೋಡಿದ ಅಧ್ಯಯನ 1983ರಲ್ಲಿ ಬಂತು. ಹಗೆಯ ಅಂಕ ಜಾಸ್ತಿ ಇದ್ದವರಿಗೆ ಹೃದಯದ ಕಾಯಿಲೆಯೂ ಜಾಸ್ತಿ, ಸಾವೂ ಜಾಸ್ತಿ. ಇಂಥ ಹಲವು ಅಧ್ಯಯನಗಳನ್ನು 2009ರಲ್ಲಿ ಒಟ್ಟು ಮಾಡಿ ನೋಡಿದಾಗ, ಆರೋಗ್ಯವಂತರಲ್ಲಿ ಕೋಪ ಮತ್ತು ಹಗೆಯ ಸ್ವಭಾವ ಹೃದಯದ ಕಾಯಿಲೆಯ ಅಪಾಯವನ್ನು ಶೇ 19ರಷ್ಟು ಹೆಚ್ಚಿಸುತ್ತದೆ ಎಂದು ಬಂತು. ಎರಡು ಪಟ್ಟು ಅಲ್ಲ, ಶೇ 19. ಇದೆ, ಆದರೆ ಸಿಗರೇಟಿನ ಹತ್ತಿರಕ್ಕೂ ಬರುವುದಿಲ್ಲ.

ಕೋಪದ ಬಗ್ಗೆ ನಮ್ಮಲ್ಲಿ ಎರಡು ಸಲಹೆ ಓಡಾಡುತ್ತವೆ. ‘ನುಂಗಿಕೋ’ ಮತ್ತು ‘ಹೊರಗೆ ಹಾಕಿಬಿಡು, ಹಗುರ ಆಗುತ್ತೆ’. ಎರಡೂ ಪರೀಕ್ಷೆಯಲ್ಲಿ ಗೆದ್ದಿಲ್ಲ. ಮುಖದಲ್ಲಿ ಏನೂ ತೋರಿಸದೆ ಭಾವನೆ ಅದುಮಿಟ್ಟುಕೊಂಡವರ ಒಳಗೆ ರಕ್ತನಾಳಗಳು ಇನ್ನಷ್ಟು ಬಿಗಿಯುವುದನ್ನು ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1990ರ ದಶಕದಲ್ಲಿ ಅಳೆದು ತೋರಿಸಿದರು. ಇನ್ನೊಂದು ಕಡೆ, ಬ್ರಾಡ್ ಬುಷ್‌ಮನ್ ಸುಮಾರು 600 ವಿದ್ಯಾರ್ಥಿಗಳಿಗೆ ಮೊದಲು ಸಿಟ್ಟು ಬರಿಸಿದರು. ಕೆಲವರಿಗೆ ಸಿಟ್ಟು ಬರಿಸಿದವರನ್ನೇ ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು, ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರ ಕೋಪವೇ ಜಾಸ್ತಿ ಉಳಿಯಿತು. ಸುಮ್ಮನೆ ಎರಡು ನಿಮಿಷ ಕೂತವರದ್ದು ಕಡಿಮೆ.

ಆದರೆ ಮಾತಾಡಿ ಕಲಿಸಿದರೆ ಬದಲಾವಣೆ ಆಗುತ್ತದೆ. ಒಮ್ಮೆ ಹೃದಯಾಘಾತ ಆದ 862 ರೋಗಿಗಳನ್ನು ಅದೇ ಫ್ರೀಡ್‌ಮನ್ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಸಲಹೆ. ಇನ್ನೊಂದಕ್ಕೆ ಅದರ ಜೊತೆಗೆ ಸಿಟ್ಟು ಮತ್ತು ಅವಸರ ಇಳಿಸುವ ತರಬೇತಿ. ಬೇಕೆಂದೇ ಉದ್ದದ ಸಾಲಿನಲ್ಲಿ ನಿಲ್ಲುವಂಥ ಅಭ್ಯಾಸಗಳು. ನಾಲ್ಕೂವರೆ ವರ್ಷದಲ್ಲಿ ಮತ್ತೆ ಹೃದಯಾಘಾತ ಆದವರು ಮೊದಲ ಗುಂಪಿನಲ್ಲಿ ಶೇ 21.2, ಎರಡನೆಯದರಲ್ಲಿ ಶೇ 12.9. ಟೈಪ್ ಎ ಎಂಬ ಹೆಸರು ಮಸುಕಾದರೂ ಈ ಫಲಿತಾಂಶ ನನಗೆ ಮುಖ್ಯ ಅನ್ನಿಸುತ್ತದೆ. ಮಧ್ಯವಯಸ್ಸು ದಾಟಿದ, ಜೀವಮಾನವೆಲ್ಲ ಸಿಡುಕಿ ಅಭ್ಯಾಸವಾದ ಜನ ಸಾಲಿನಲ್ಲಿ ನಿಲ್ಲುವುದನ್ನು ಕಲಿತರು.

ಸದ್ದಿಲ್ಲದ ಗುಣ

ಅಚ್ಚುಕಟ್ಟುತನದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಆದರೆ ಆಯಸ್ಸಿನ ಲೆಕ್ಕದಲ್ಲಿ ಐದು ಗುಣಗಳಲ್ಲಿ ಮೊದಲು ನಿಲ್ಲುವುದು ಇದೇ. 2013ರಲ್ಲಿ ಮಾರ್ಕಸ್ ಯೊಕೆಲಾ ಮತ್ತು ಜೊತೆಗಾರರು 76,150 ಜನರ ಮಾಹಿತಿ ಒಟ್ಟು ಸೇರಿಸಿದರು. ಐದರಲ್ಲಿ ಸಾವಿನ ಅಪಾಯದ ಜೊತೆ ಬಿಡದೆ ಸೇರಿಕೊಂಡಿದ್ದ ಗುಣ ಇದೊಂದೇ. ಅಚ್ಚುಕಟ್ಟುತನದಲ್ಲಿ ಕೆಳಗಿದ್ದ ಮೂರನೇ ಒಂದು ಭಾಗದ ಜನರಿಗೆ, ಮೇಲಿದ್ದವರಿಗಿಂತ ಅಪಾಯ ಸುಮಾರು 1.4 ಪಟ್ಟು.

ಅಮೆರಿಕದಲ್ಲಿ 1921ರಲ್ಲಿ ಲೂಯಿಸ್ ಟರ್ಮನ್ ಶುರುಮಾಡಿದ ಅಧ್ಯಯನವೂ ಇದನ್ನೇ ಹೇಳಿತು. ಅವರು ಆರಿಸಿಕೊಂಡ ಸುಮಾರು 1,500 ಬುದ್ಧಿವಂತ ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಲಾಯಿತು. ಚಿಕ್ಕಂದಿನಲ್ಲಿ ‘ಹೇಳಿದ್ದನ್ನು ಸರಿಯಾಗಿ ಮಾಡುವ ಮಗು’ ಎಂದು ಹೆತ್ತವರು, ಮೇಷ್ಟರು ಗುರುತು ಹಾಕಿದ್ದವರು ಹೆಚ್ಚು ಕಾಲ ಬದುಕಿದರು. ಸದಾ ನಗುನಗುತ್ತಾ ಇದ್ದ ಮಕ್ಕಳ ಆಯಸ್ಸು ಸರಾಸರಿಯಲ್ಲಿ ತುಸು ಕಡಿಮೆಯೇ ಇತ್ತು. ನಗುತ್ತಿದ್ದರೆ ನೂರು ವರ್ಷ ಎಂದು ನಂಬಿದವರಿಗೆ ಇದು ಆಶ್ಚರ್ಯ. ‘ಏನೂ ಆಗಲ್ಲ ಬಿಡು’ ಎನ್ನುವ ಧೈರ್ಯ ಕೆಲವೊಮ್ಮೆ ಹೆಲ್ಮೆಟ್ಟನ್ನೂ ಬಿಡಿಸುತ್ತದೆ.

ಇಲ್ಲಿ ಗುಟ್ಟೇನಿಲ್ಲ. ಅಚ್ಚುಕಟ್ಟಿನವರು ಮಾತ್ರೆ ಹೊತ್ತಿಗೆ ಸರಿಯಾಗಿ ತಗೋತಾರೆ. ಸೀಟ್ ಬೆಲ್ಟ್ ಹಾಕುತ್ತಾರೆ. ಕುಡಿತ, ಹೊಗೆ ಕಡಿಮೆ. ಮಲಗುವ ಹೊತ್ತು ಹೆಚ್ಚುಕಡಿಮೆ ಒಂದೇ. ಇನ್ನೊಂದು ಲಾಭವೂ ಇದೆ. ಕೊನೆ ದಿನಕ್ಕೆ ಮುಂಚೆಯೇ ಬಿಲ್ ಕಟ್ಟುವವರಿಗೆ ದಂಡದ ನೋಟಿಸ್ ಬರುವುದಿಲ್ಲ. ಎಷ್ಟೋ ಒತ್ತಡಗಳು ಅವರ ಮನೆ ಬಾಗಿಲಿಗೇ ಬರುವುದಿಲ್ಲ.

ಬೆರೆಯುವ ಗುಣದ ಲಾಭ ಬೇರೆ ಕಡೆ ಇದೆ. ಶೆಲ್ಡನ್ ಕೋಹೆನ್ ಎಂಬುವರು ಒಪ್ಪಿ ಬಂದ ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಬಿಟ್ಟು, ಯಾರಿಗೆ ನೆಗಡಿ ಬರುತ್ತದೆ ಎಂದು ನೋಡಿದರು. 1991ರ ಪ್ರಯೋಗದಲ್ಲಿ 394 ಜನ. ಒತ್ತಡ ಏರಿದಂತೆ ನೆಗಡಿ ಹತ್ತುವ ಸಾಧ್ಯತೆಯೂ ಮೆಟ್ಟಿಲು ಮೆಟ್ಟಿಲಾಗಿ ಏರಿತು. 2003ರಲ್ಲಿ 334 ಜನರ ಮೇಲೆ ಇಂಥದ್ದೇ ಪ್ರಯೋಗ ಮಾಡಿದಾಗ, ಜನರೊಂದಿಗೆ ಸುಲಭವಾಗಿ ಬೆರೆಯುವವರಿಗೆ ನೆಗಡಿ ಹತ್ತಿದ್ದು ಕಡಿಮೆ.

ಯಾರೂ ಸ್ವಭಾವದಿಂದ ಕ್ಯಾನ್ಸರ್ ತಂದುಕೊಳ್ಳುವುದಿಲ್ಲ

ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಆದಾಗ ನೋಡಲು ಬಂದವರೊಬ್ಬರು ಹಾಸಿಗೆ ಪಕ್ಕ ಕೂತು ಹೇಳಿದರು: ‘ನೀನು ಎಲ್ಲಾ ಒಳಗೇ ಇಟ್ಕೊಂಡೆ ಕಣಮ್ಮ, ಅದಕ್ಕೇ ಹೀಗಾಯ್ತು.’ ಪ್ರೀತಿಯಿಂದಲೇ ಹೇಳಿದ್ದು. ಅವರು ಹೋದ ಮೇಲೆ ಚಿಕ್ಕಮ್ಮ ಬಹಳ ಹೊತ್ತು ಗೋಡೆ ಕಡೆ ತಿರುಗಿ ಮಲಗಿದ್ದರು. ಕಾಯಿಲೆಯ ಜೊತೆಗೆ, ಅದನ್ನು ತಾನೇ ತಂದುಕೊಂಡೆ ಎಂಬ ಭಾರವೂ ಸೇರಿತು.

ಅದು ನಿಜವಲ್ಲ. ಸ್ವೀಡನ್ ಮತ್ತು ಫಿನ್ಲೆಂಡಿನ ಸುಮಾರು 60,000 ಜನರನ್ನು ಬಹಳ ವರ್ಷ ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಳವಳದ ಗುಣಕ್ಕಾಗಲೀ ಬೆರೆಯುವ ಗುಣಕ್ಕಾಗಲೀ ಕ್ಯಾನ್ಸರ್ ಬರುವುದಕ್ಕೂ ನಂಟು ಸಿಗಲಿಲ್ಲ. ‘ಕ್ಯಾನ್ಸರ್ ಬರುವ ಸ್ವಭಾವ’ ಎನ್ನುವ ವಿಚಾರವನ್ನು ಜೋರಾಗಿ ಹರಡಿದವರಲ್ಲಿ ಮನೋವಿಜ್ಞಾನಿ ಹಾನ್ಸ್ ಐಸೆಂಕ್ ಒಬ್ಬರು. ಅವರು ಕೆಲಸ ಮಾಡಿದ್ದ ಸಂಸ್ಥೆ ಈಗ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸೇರಿದೆ. ಆ ಕಾಲೇಜೇ 2019ರಲ್ಲಿ ತನಿಖೆ ಮಾಡಿ, ಅವರು ಜೊತೆಗಾರರೊಬ್ಬರ ಜೊತೆ ಬರೆದ 26 ಲೇಖನಗಳನ್ನು ನಂಬುವಂತಿಲ್ಲ ಎಂದಿತು. ಆ ಲೇಖನಗಳು ತಪ್ಪಾಗಿದ್ದವು. ಅವುಗಳಿಂದ ಹುಟ್ಟಿದ ಮಾತು ಮಾತ್ರ ಇನ್ನೂ ಹಾಸಿಗೆಗಳ ಪಕ್ಕ ಕೂತೇ ಇದೆ. ದಯವಿಟ್ಟು ಅದನ್ನು ಯಾರಿಗೂ ಹೇಳಬೇಡಿ.

ಹಾಗಾದರೆ ಏನು ಮಾಡೋದು?

ನಿಭಾಯಿಸುವ ದಾರಿ ಮುಖ್ಯವಾಗಿ ಎರಡು ಎಂದು ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಬರೆದರು. ಸಮಸ್ಯೆಗೆ ಕೈ ಹಾಕುವುದು, ಮನಸ್ಸಿನ ಕುದಿತ ತಗ್ಗಿಸುವುದು. ಯಾವುದು ಮೇಲು ಎನ್ನುವುದು ಸಮಸ್ಯೆ ನಮ್ಮ ಕೈಯಲ್ಲಿದೆಯೋ ಇಲ್ಲವೋ ಎನ್ನುವುದರ ಮೇಲೆ ನಿಲ್ಲುತ್ತದೆ. ಒಡೆಯದ ಲಕೋಟೆಗೆ ಧ್ಯಾನ ಉತ್ತರವಲ್ಲ, ಒಡೆಯಬೇಕು. ಆಪರೇಷನ್ ಥಿಯೇಟರ್ ಹೊರಗೆ ಕಾಯುತ್ತಿರುವಾಗ ಮಾಡಲು ಏನೂ ಕೆಲಸ ಇರುವುದಿಲ್ಲ. ಆಗ ಉಸಿರಾಟ, ಪ್ರಾರ್ಥನೆ, ಪಕ್ಕದಲ್ಲಿ ಕೂತವರ ಕೈ ಇವೇ ಸರಿ. ಅಚ್ಚುಕಟ್ಟಿನವರು ಸೋಲುವುದು ಇಲ್ಲಿಯೇ. ಕೈಯಲ್ಲಿಲ್ಲದ್ದನ್ನೂ ಸರಿಮಾಡಲು ಹೋಗಿ ಸುಸ್ತಾಗುತ್ತಾರೆ.

ನನ್ನಂಥ ಕಳವಳದವರಿಗೆ ಕೆಲಸಕ್ಕೆ ಬಂದ ಎರಡು ಉಪಾಯ ಹೇಳುತ್ತೇನೆ. ಎರಡೂ ಪರೀಕ್ಷೆಗೊಳಪಟ್ಟವು. ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಕೊಟ್ಟದ್ದು: ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ, ಚಿಂತೆಗೆಂದೇ ಮೀಸಲಿಡಿ. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ‘ಸಂಜೆ ಆರಕ್ಕೆ ಬಾ’ ಎಂದು ಕಳಿಸಿ. ಚಿಂತೆಯನ್ನು ಓಡಿಸುವುದು ಕಷ್ಟ, ಮುಂದಕ್ಕೆ ಹಾಕುವುದು ಅಷ್ಟು ಕಷ್ಟವಲ್ಲ. ಇನ್ನೊಂದು 2018ರದ್ದು, ಮೈಕೆಲ್ ಸ್ಕಲ್ಲಿನ್ ಅವರದು. ಮಲಗುವ ಮುಂಚೆ ಐದು ನಿಮಿಷ, ಮಾಡಬೇಕಾದ ಕೆಲಸಗಳ ಪಟ್ಟಿ ಬರೆದವರು, ಮಾಡಿ ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ವಿವರವಾಗಿದ್ದರೆ ಅಷ್ಟು ಬೇಗ. ನನ್ನ ದಿಂಬಿನ ಪಕ್ಕ ಈಗ ಒಂದು ಸಣ್ಣ ನೋಟ್‌ಬುಕ್ ಇದೆ.

ಸ್ವಭಾವವೇ ಬದಲಾಗುತ್ತಾ ಎಂದು ಕೇಳಬಹುದು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಗಾದೆ ಹೇಳುತ್ತದೆ. 2017ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 207 ಅಧ್ಯಯನಗಳನ್ನು ಸೇರಿಸಿ ನೋಡಿದರು. ಹೆಚ್ಚಿನವು ಕೌನ್ಸೆಲಿಂಗ್ ಇಲ್ಲವೇ ಬೇರೆ ಚಿಕಿತ್ಸೆ ಪಡೆದವರ ಬಗ್ಗೆ. ಸರಾಸರಿ 24 ವಾರಗಳಲ್ಲಿ ಸ್ವಭಾವದ ಅಳತೆಯಲ್ಲಿ ಗುರುತಿಸುವಷ್ಟು ಬದಲಾವಣೆ ಆಗಿತ್ತು. ಎಲ್ಲಕ್ಕಿಂತ ಹೆಚ್ಚು ಸಡಿಲಗೊಂಡದ್ದು ಕಳವಳದ ಗುಣವೇ. ಗುಣ ಹೋಗಲಿಲ್ಲ, ನಿಜ. ಎತ್ತರದ ದನಿ ತಗ್ಗಿತು. ಕಳವಳ ದಿನವನ್ನೇ ನುಂಗುತ್ತಿದ್ದರೆ, ಊಟ ನಿದ್ದೆ ಬಿಡಿಸಿದ್ದರೆ, ಅದು ಸ್ವಭಾವದ ಮಾತಲ್ಲ, ಚಿಕಿತ್ಸೆ ಇರುವ ಕಾಯಿಲೆಯಾಗಿರಬಹುದು. ಡಾಕ್ಟರನ್ನು ಕಾಣಿ. ಮುಂದಿನ ತಿಂಗಳಿಗೆ ಹಾಕಬೇಡಿ.

ಇಷ್ಟೆಲ್ಲ ಕಳವಳದವರಿಗೇ ಹೇಳಿದೆ. ಆ ಮೆಸೇಜ್ ಕಳಿಸಿದವರಿಗೂ ಒಂದು ಮಾತು ಇದೆ. ನಿಮ್ಮ ಕೈಕೆಳಗೆ ಹತ್ತು ಜನ ಇದ್ದರೆ ಅವರಲ್ಲಿ ಇಬ್ಬರು ಮೂವರಾದರೂ ಆ ರಾತ್ರಿ ನಿದ್ದೆ ಮಾಡದವರ ಸಾಲಿನವರಿರುತ್ತಾರೆ. ಅವರು ಯಾರು ಎಂದು ನಿಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಅವರೂ ‘ಸರಿ ಸರ್’ ಎಂದೇ ಬರೆಯುತ್ತಾರೆ. ‘ರಜೆಯ ದಿನಗಳ ಬಗ್ಗೆ ಮಾತಾಡೋಣ’ ಎಂದು ಇನ್ನೊಂದು ಸಾಲು ಸೇರಿಸಿ.